ಗುಬ್ಬಿಯ ವಾರ್ಡಿಗೆ ದೊಡ್ಡಮ್ಮನ ದಂಡು

ಎಲ್ಲ ಶುರುವಾದದ್ದು ಚಿಕ್ಕಪ್ಪನ ಹರ್ನಿಯಾದಿಂದ. ಆ ಆಪರೇಷನ್ ಬೇರೆ ಯಾವ ಆಸ್ಪತ್ರೆಯಲ್ಲಾಗಿದ್ದರೂ ಗುಬ್ಬಿಯ ಪಾಡಿಗೆ ಗುಬ್ಬಿ ಇರುತ್ತಿದ್ದಳು. ಆದರೆ ದೊಡ್ಡಮ್ಮ ಬಿಟ್ಟಾರೆಯೇ? "ನಮ್ಮ ಹುಡುಗಿ ಇರೋ ಆಸ್ಪತ್ರೆ ಬಿಟ್ಟು ಬೇರೆ ಕಡೆ ಯಾಕಯ್ಯ ಹೋಗ್ತೀಯ?" ಎಂದು ಮೈದುನನನ್ನು ಕರೆತಂದು ಇಲ್ಲೇ ಮಲಗಿಸಿದರು.

ಗುಬ್ಬಿ ಎನ್ನುವುದು ಮನೆಯವರಿಟ್ಟ ಹೆಸರು. ಎಷ್ಟು ಸಣ್ಣ ದನಿಯೆಂದರೆ, ಅವಳು ಬಾಯಿ ಬಿಟ್ಟರೆ ಎದುರಿನವರು ಕಿವಿಗೆ ಕೈ ಆನಿಸಿಕೊಳ್ಳಬೇಕಿತ್ತು. ಎರಡು ವರ್ಷ ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಓದಿ ಬಂದಾಗ ದೊಡ್ಡಮ್ಮ ವಿಚಾರಣೆ ನಡೆಸಿದ್ದರು.

"ಹಾಗಾದ್ರೆ ನೀನು ಡಾಕ್ಟ್ರಾ?"

"ಅಲ್ಲ ದೊಡ್ಡಮ್ಮ."

"ನರ್ಸಾ?"

"ಅಲ್ಲ. ಅವರೆಲ್ಲರ ಕೆಲಸ ಸರಿಯಾಗಿ ನಡೆಯೋ ಹಾಗೆ ನೋಡ್ಕೋತೀನಿ."

"ಅಂದ್ರೆ ನೀನು ಏನೂ ಮಾಡಲ್ಲ. ಅದಕ್ಕೆ ಎರಡು ವರ್ಷ ಓದ್ಬೇಕಾಯ್ತಾ?"

ಆದರೂ ಗುಬ್ಬಿಗೆ ಆ ಕೆಲಸವೆಂದರೆ ಪ್ರಾಣ. ಮನೆ ತುಂಬ ಜನ, ಜನರ ಬಾಯಿ ತುಂಬ ಮಾತು. ದೊಡ್ಡಮ್ಮನ ದನಿ ಮುಟ್ಟದ ಜಾಗ ಅಂತ ಭೂಮಿಯ ಮೇಲೆ ಇದ್ದದ್ದು ಆ ಆಸ್ಪತ್ರೆಯೊಂದೇ. ಆರು ತಿಂಗಳ ಪ್ರೊಬೇಷನ್ ಇವತ್ತಿಗೆ ಮುಗಿಯುತ್ತಿತ್ತು. ಗುಣಮಟ್ಟದ ತಪಾಸಣೆಗೆ ಬರುವ ಅಧಿಕಾರಿ ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಸೂಪರಿಂಟೆಂಡೆಂಟ್ ಸಾಹೇಬರು ಖಡಾಖಂಡಿತವಾಗಿ ಹೇಳಿದ್ದರು. ಮನೆಗೆ ಎಂದರೆ ಮತ್ತೆಲ್ಲಿಗೆ, ದೊಡ್ಡಮ್ಮನ ಕಣ್ಣೆದುರಿಗೆ.

ವಾರ್ಡಿನ ಬಾಗಿಲ ಮೇಲೆ 'ಒಬ್ಬ ರೋಗಿಗೆ ಒಬ್ಬರೇ ಸಂದರ್ಶಕರು' ಎಂಬ ಫಲಕವನ್ನು ಗುಬ್ಬಿಯೇ ತೂಗುಹಾಕಿಸಿದ್ದಳು. ಬೆಳಿಗ್ಗೆ ಅದರ ಕೆಳಗಿನಿಂದಲೇ ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ, ಅವರ ಹಿಂದೆ ಇನ್ನೂ ಏಳೆಂಟು ಮಂದಿ ನೆಂಟರು ದಿಬ್ಬಣದ ಹಾಗೆ ಒಳಗೆ ಬಂದರು. ಗುಬ್ಬಿ ಗೇಟಿಗೆ ಓಡಿದಳು.

"ನಾನು ತಡೆದೆ ಮೇಡಂ," ವಾಚ್‌ಮನ್ ತಲೆ ಕೆರೆದುಕೊಂಡ. "ಆ ಅಮ್ಮ 'ಯಾಕಪ್ಪಾ ಇಷ್ಟು ಸೊರಗಿದೀಯ, ಹೊಟ್ಟೆಗೆ ಏನಾದ್ರೂ ತಿಂದ್ಯಾ' ಅಂದ್ರು. ನಾನು ಉತ್ತರ ಹೇಳಿ ಮುಗಿಸೋ ಹೊತ್ತಿಗೆ ಎಲ್ರೂ ಒಳಗೆ."

ಗುಬ್ಬಿ ಓದಿದ್ದನ್ನು ನೆನಪಿಸಿಕೊಂಡಳು. ಜಗಳ ಬಿಡಿಸುವ ಮೊದಲ ಪಾಠ: ಎದುರಿನವರಿಗೆ ಪೂರ್ತಿ ಮಾತಾಡಲು ಬಿಡಿ. ಪಾಪ, ಆ ಪಾಠ ಹೇಳಿಕೊಟ್ಟ ಮೇಷ್ಟ್ರು ದೊಡ್ಡಮ್ಮನನ್ನು ಕಂಡವರಲ್ಲ.

"ದೊಡ್ಡಮ್ಮ, ಇಲ್ಲಿ ಒಬ್ಬರೇ ಇರ್ಬೇಕು. ನಿಮ್ಮ ಅಭಿಪ್ರಾಯ ಏನು, ಹೇಳಿ."

ದೊಡ್ಡಮ್ಮ ಹೇಳಿದರು. ಗೋಡೆಯ ಬಣ್ಣದ ಬಗ್ಗೆ ಹೇಳಿದರು, ನರ್ಸಮ್ಮನ ತೆಳ್ಳಗಿನ ಜಡೆಯ ಬಗ್ಗೆ ಹೇಳಿದರು, ಬೇಡವೆಂದರೂ ಬೀರು ಎತ್ತಲು ಹೋದ ಚಿಕ್ಕಪ್ಪನ ಬುದ್ಧಿಯ ಬಗ್ಗೆಯಂತೂ ವಿಸ್ತಾರವಾಗಿ ಹೇಳಿದರು. ಮಾತು ಉಸಿರು ತೆಗೆದುಕೊಳ್ಳುವ ಮೊದಲೇ ಗುಬ್ಬಿಯ ಫೋನು ಹೊಡೆದುಕೊಂಡಿತು. ಅಧಿಕಾರಿ ಗೇಟಿನಲ್ಲಿ ಕಾರಿಳಿಯುತ್ತಿದ್ದರು.

ಗುಬ್ಬಿ ಮತ್ತೆ ಓದಿದ್ದಕ್ಕೇ ಮೊರೆಹೋದಳು. ಎರಡನೆಯ ಪಾಠ: ತುರ್ತಿನಲ್ಲಿ ಕೈಗೆ ಸಿಕ್ಕ ಜನರನ್ನೇ ಬಳಸಿಕೊಳ್ಳಿ. ರೋಗಿಗಳ ನೆರವಿಗೆ ಸ್ವಯಂಸೇವಕರು ಬೇಕೆಂದು ಅವಳೇ ಒಂದು ಯೋಜನೆ ಮಾಡಿದ್ದಳು. ಹಸಿರು ಏಪ್ರನ್‌ಗಳು ಬಂದಿದ್ದವು, ಹಾಕಿಕೊಳ್ಳುವವರು ಒಬ್ಬರೂ ಬಂದಿರಲಿಲ್ಲ. ಅವಳು ಆ ಗಂಟನ್ನೇ ಬಿಚ್ಚಿ ಹಂಚಿದಳು.

"ಹಾಕ್ಕೊಳ್ಳಿ ಎಲ್ರೂ. ಕೇಳಿದ್ರೆ ಸ್ವಯಂಸೇವಕರು ಅನ್ನಿ. ದಮ್ಮಯ್ಯ, ಬೇರೆ ಒಂದು ಮಾತೂ ಆಡ್ಬೇಡಿ."

ದೊಡ್ಡಮ್ಮನಿಗೆ ಮಾತಾಡಬೇಡಿ ಎನ್ನುವುದು ಮೀನಿಗೆ ಒದ್ದೆಯಾಗಬೇಡ ಎಂದ ಹಾಗೆ.

ಏಪ್ರನ್ ಕಟ್ಟಿದ್ದೇ ತಡ, ಎಲ್ಲರಿಗೂ ಸೇವೆಯ ಹುರುಪು ಏರಿತು. ಸೋದರಮಾವ ಎಲ್ಲಿಂದಲೋ ಗಾಲಿಕುರ್ಚಿ ತಂದು ಒಬ್ಬನನ್ನು ಕೂರಿಸಿ ಎಕ್ಸ್‌ರೇ ಕಡೆಗೆ ತಳ್ಳತೊಡಗಿದರು.

"ಸಾರ್, ನಾನು ಫ್ಯಾನ್ ರಿಪೇರಿಗೆ ಬಂದೋನು!"

"ಮೊದ್ಲು ಎಲ್ರೂ ಹೀಗೇ ಏನೋ ಒಂದು ಹೇಳ್ತಾರೆ. ಹೆದರ್ಬೇಡ ಮರಿ, ನಾನಿದೀನಿ."

ಚಿಕ್ಕಮ್ಮ ಗಂಡನನ್ನು ಬಿಟ್ಟು ಮೂಲೆಯ ಮಂಚದ ಅಜ್ಜಿಯ ತಲೆ ಬಾಚುತ್ತ ಕೂತರು. "ನನ್ನ ನೋಡೋಕೆ ಇಷ್ಟು ಜನ ಬಂದು, ಒಬ್ಬರೂ ನನ್ನ ಹತ್ರ ಇಲ್ವಲ್ಲೇ ಗುಬ್ಬಿ!" ಎಂದು ಚಿಕ್ಕಪ್ಪ ನರಳಿದರು.

ಅಷ್ಟರಲ್ಲಿ ಅಧಿಕಾರಿ ಒಳಗೆ ಬಂದರು. ನಗು ಕಂಡು ವರ್ಷಗಳೇ ಆಗಿದ್ದಂಥ ಮುಖದ ಹೆಂಗಸು. ಅವರು ಫಲಕ ನೋಡಿದರು, ವಾರ್ಡಿನ ಸಂತೆ ನೋಡಿದರು, ಬಾಯಿ ತೆರೆದರು. ದೊಡ್ಡಮ್ಮ ಅಡ್ಡ ನಿಂತರು.

"ಕುಂಟ್ತಾ ಇದೀಯಲ್ಲಮ್ಮ? ಮಂಡಿ ನೋವಾ?"

"ನಾನು ಅಧಿಕಾರಿ."

"ಅಧಿಕಾರಿಗಳಿಗೆ ಮಂಡಿ ಇರಲ್ವಾ? ಕೂತ್ಕೊ ಮೊದ್ಲು. ಮನೇಲಿ ಯಾರೂ ಕೇಳಲ್ವಾ ನಿನ್ನ?"

ಗುಬ್ಬಿ ಪರದೆಯ ಹಿಂದೆ ಸರಿದು ಕಣ್ಣು ಮುಚ್ಚಿಕೊಂಡಳು. ಮುಗಿಯಿತು. ಎರಡು ವರ್ಷದ ಓದು, ಆರು ತಿಂಗಳ ದುಡಿಮೆ, ಎಲ್ಲ ನೀರಿನಲ್ಲಿ ಹೋಮ. ಮತ್ತೆ ಕಣ್ಣು ಬಿಟ್ಟಾಗ ಅಧಿಕಾರಿ ಮಂಚದ ತುದಿಯಲ್ಲಿ ಕಾಲು ಚಾಚಿ ಕೂತಿದ್ದರು, ದೊಡ್ಡಮ್ಮ ಅವರ ಮಂಡಿ ನೀವುತ್ತಿದ್ದರು. ಅದನ್ನು ನೋಡುವ ಧೈರ್ಯ ಗುಬ್ಬಿಗೆ ಸಾಲಲಿಲ್ಲ.

ಸಂಜೆ ಸೂಪರಿಂಟೆಂಡೆಂಟರ ಕರೆ ಬಂತು. ಗುಬ್ಬಿ ದಾರಿಯಲ್ಲೇ ಕ್ಷಮಾಪಣೆಯ ಮಾತು ಜೋಡಿಸಿಕೊಂಡು ಹೋದಳು.

"ಆ ಏಪ್ರನ್ ಹಾಕ್ಕೊಂಡಿದ್ದ ಜನ..." ಅವರು ಶುರು ಮಾಡಿದರು.

"ಸರ್, ಅವರು ನಮ್ಮ ಮನೆ..."

"ಗೊತ್ತು, ಆ ಅಮ್ಮನೇ ಹೇಳಿದ್ರು. ಮನೆಮಂದಿನೆಲ್ಲ ಸೇವೆಗೆ ಇಳಿಸಿದೀರಲ್ಲ, ಭೇಷ್! ಇಲ್ಲಿ ಒಬ್ಬ ರೋಗಿಯ ಮುಖದಲ್ಲೂ ಭಯ ಕಾಣಲಿಲ್ಲ ಅಂತ ಪೂರ್ತಿ ಅಂಕ ಕೊಟ್ಟು ಹೋದ್ರು ಆ ಮೇಡಂ."

ಗುಬ್ಬಿ ಕ್ಷಮಾಪಣೆಯನ್ನು ಬದಿಗಿಟ್ಟಳು. "ಹಾಗಾದ್ರೆ ಸರ್, ನನ್ನ ಕೆಲಸ..."

"ಕಾಯಂ ಆದ ಹಾಗೇ. ಸ್ವಯಂಸೇವೆಗೇ ಒಂದು ವಿಭಾಗ ಮಾಡಿ ಅಂದ್ರು ಮೇಡಂ, ಮಾಡಿದೀನಿ. ನಿಮ್ಮನ್ನ ಅಲ್ಲಿಗೇ ಹಾಕಿದೀನಿ. ಇನ್ನು ನಿಮ್ಮ ವಿಭಾಗದ ಮುಖ್ಯಸ್ಥರು ಒಂದು ಮಾತು ಹೇಳಿಬಿಟ್ರೆ ಸಾಕು."

"ಮುಖ್ಯಸ್ಥರು ಯಾರು ಸರ್?"

ಬಾಗಿಲು ತಟ್ಟದೆ ಒಳಗೆ ಬಂದವರು ಹಸಿರು ಏಪ್ರನ್ನನ್ನು ಕೊಡವಿ, ಕುರ್ಚಿ ಎಳೆದು ಕೂತು, ಗುಬ್ಬಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹುಡುಗಿ ಒಳ್ಳೆಯವಳೇ ಸಾಹೇಬ್ರೇ," ಎಂದರು ದೊಡ್ಡಮ್ಮ. "ಆದ್ರೆ ಮನೆ ಮಗಳು ಅಂತ ಕಣ್ಣು ಮುಚ್ಕೊಂಡು ಹೂಂ ಅನ್ನೋಕಾಗತ್ತಾ? ಇನ್ನೊಂದು ಆರು ತಿಂಗಳು ನೋಡೋಣ."