ಕೆಂಪು ಪೆನ್ಸಿಲ್ ಕಂಡರೆ ಸಂಶಯ

ಎಪ್ಪತ್ತರ ದಶಕದ ಕೊನೆಗೆ ಹಳೇ ಬಾಗಲಕೋಟೆಯ ಒಂದು ಪ್ರೆಸ್ಸಿನಲ್ಲಿ ನನಗೆ ಕೆಲಸವಿತ್ತು. ಗಿರಾಕಿ ಬರೆದು ತಂದ ಕಾಗದದ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕುವುದು. ಅಡಿಗೆರೆ ಎಳೆದರೆ ದೊಡ್ಡ ಅಕ್ಷರ, ಎರಡೆಳೆದರೆ ಇನ್ನೂ ದೊಡ್ಡದು. ಅದನ್ನು ನೋಡಿಕೊಂಡು ಕಂಪೋಜಿಟರ್ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಇಷ್ಟೇ ಕೆಲಸ. ಆದರೆ ನಾನು ಪೆನ್ಸಿಲ್ ಹಿಡಿದೆನೋ ಇಲ್ಲವೋ, ಎದುರಿಗೆ ಕೂತವರ ಹುಬ್ಬು ಗಂಟಾಗುತ್ತಿತ್ತು. ಕಳ್ಳನನ್ನು ವಿಚಾರಿಸಿದ ಹಾಗೆ ನನ್ನನ್ನು ವಿಚಾರಿಸದೆ ಹೋದ ಗಿರಾಕಿಗಳೇ ಕಡಿಮೆ.

ಗುಟ್ಟಿನ ಜಾಹೀರಾತು

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಹೊಸ ಅಂಗಡಿಯ ಹ್ಯಾಂಡ್‌ಬಿಲ್ ಮಾಡಿಸಲು ಬಂದರು. ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮುಚ್ಚಿಕೊಂಡು ಕೂತರು.

"ಕೈ ತಗೀರಿ, ಗುರುತು ಹಾಕಬೇಕು."

"ಓದದಽ ಹಾಕ್ರಿ. ಪ್ಯಾಟ್ಯಾಗ ನನ್ನ ಕಂಡ್ರ ಆಗದವರು ಭಾಳ ಮಂದಿ ಅದಾರ."

ಒಂದೊಂದೇ ಬೆರಳು ಎತ್ತಿಸಿ ಒಂದೊಂದೇ ಸಾಲಿಗೆ ಗುರುತು ಹಾಕಿದೆ. ಹೊರಟವರು ಬಾಗಿಲಲ್ಲಿ ನಿಂತು, "ಯಾರಿಗೂ ತೋರಸಬ್ಯಾಡ್ರಿ ಮತ್ತ," ಅಂದರು.

"ಆತ್ರಿ. ಎಷ್ಟು ಪ್ರತಿ ಹೊಡೀಬೇಕು?"

"ಸಂತಿಗೆಲ್ಲಾ ಸಾಲುವಷ್ಟು!"

ಬೀಗರಿಗೆ ಎರಡು ಗೆರಿ

ಕಮತಗಿಯ ಗೌಡರೊಬ್ಬರು ಹೆಂಡತಿಯ ಜೊತೆ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ನಾನು ವರನ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ, ಗೌಡರ ಹೆಸರಿನ ಕೆಳಗೆ ಒಂದೇ ಗೆರೆ.

"ಬೀಗರು ನಿಮ್ಮ ಕಡೆ ಮೊದಲಽ ಬಂದು ಹೋಗ್ಯಾರೇನ್ರಿ?"

ಇಲ್ಲವೆಂದು ಆಣೆ ಮಾಡಿ ಅವರಿಗೂ ಎರಡೆಳೆದೆ. ಗೌಡತಿ ಗಂಡನ ಕಡೆ ತಿರುಗಿ, "ನನ್ನ ತಮ್ಮಗ ಒಂದೂ ಗೆರಿ ಇಲ್ಲ. ಇದು ನೀವಽ ಹೇಳಿ ಮಾಡಿಸಿದ್ದು," ಅಂದರು. ತಮ್ಮನಿಗೆ ಎಳೆದೆ. ಕಾಕಾಗೆ, ಅತ್ತೆಗೆ, ಮುಹೂರ್ತಕ್ಕೆ ಎಲ್ಲಕ್ಕೂ ಎಳೆದೆ. ಕೊನೆಗೆ ಸಣ್ಣ ಅಕ್ಷರದಲ್ಲಿ ಉಳಿದದ್ದು ಅಡಿಯಲ್ಲಿದ್ದ ನಮ್ಮ ಪ್ರೆಸ್ಸಿನ ಹೆಸರೊಂದೇ. ಗೌಡರು ಅದರ ಮೇಲೆ ಬೆರಳಿಟ್ಟರು.

"ಇದನ್ನ ಯಾಕ ಸಣ್ಣದು ಮಾಡೀರಿ? ಏನ ಮುಚ್ಚಿಡಾಕ ಹತ್ತೀರಿ?"

ತಿರುವಿದ ಹೆಸರು

ಹುನಗುಂದದ ಕಡೆಯವರೊಬ್ಬರು ಸೊಸಾಯಿಟಿ ಚುನಾವಣೆಗೆ ನಿಂತಿದ್ದರು. ಕರಪತ್ರ ಎಲ್ಲಿಗೆ ಬಂತೆಂದು ನೋಡಲು ನೇರ ಒಳಗೇ ನುಗ್ಗಿದರು. ಮೊಳೆಗಳಲ್ಲಿ ಅಕ್ಷರಗಳು ಉಲ್ಟಾ ಇರುತ್ತವೆ, ಕಾಗದದ ಮೇಲೆ ಒತ್ತಿದಾಗ ಸೀದಾ ಆಗುತ್ತವೆ. ಅದು ಅವರಿಗೇನು ಗೊತ್ತು? ತಮ್ಮ ಹೆಸರು ತಿರುವಿ ಕೂತದ್ದನ್ನು ಕಂಡು ಮುಖ ಬಿಳಿಚಿತು.

"ಮಾಟ ಮಾಡಾಕ ಹತ್ತೀರೇನು? ಎದುರಿನವ ಹೇಳ್ಯಾನ ಹೌದಲ್ಲೋ?"

"ಇಲ್ರಿ, ಅವರ ಕರಪತ್ರನೂ ಇಲ್ಲೇ ಐತಿ. ಅವರ ಹೆಸರೂ ಉಲ್ಟಾನಽ ಐತಿ, ನೋಡ್ರಿ."

ಬಗ್ಗಿ ನೋಡಿದರು. ಮುಖ ಅರಳಿತು. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ನಂದು ಸೀದಾ ಮಾಡ್ರಿ. ಅವಂದು ಹಂಗಽ ಇರಲಿ."

ಕಂಸದೊಳಗಿನ ಮಾತು

ಬಾದಾಮಿಯ ಸಾಲಿಯೊಂದರ ಸಮಾರಂಭದ ಆಮಂತ್ರಣ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. ಅವರ ಹೆಸರು ದಪ್ಪ ಮೊಳೆಯಲ್ಲಿರಲಿ ಎಂದು ನಾನು ಪಕ್ಕದಲ್ಲಿ 'ದಪ್ಪ' ಅಂತ ಬರೆದು ಸುತ್ತ ದುಂಡಗೆ ಗೆರೆ ಹೊಡೆದೆ. ನಮ್ಮಲ್ಲಿ ಅದರರ್ಥ, ಇದು ಕಂಪೋಜಿಟರನಿಗೆ ಹೇಳಿದ್ದು, ಅಚ್ಚಾಗಬಾರದು. ಆದರೆ ಅವತ್ತು ಮೊಳೆ ಜೋಡಿಸಿದವರು ಬೇರೆ ಊರಿನ ಪ್ರೆಸ್ಸಿನಿಂದ ಆಗಷ್ಟೇ ಬಂದ ಹಿರಿಯರು. ಅವರಲ್ಲಿ ದುಂಡು ಗೆರೆಯೆಂದರೆ 'ಕಂಸದಲ್ಲಿ ಹಾಕು' ಎಂದಂತೆ. ನಾನು ಒಂದು ಲಗ್ನಕ್ಕೆ ಬೇವೂರಿಗೆ ಹೋಗಿದ್ದೆ. ಪ್ರೆಸ್ಸಿನ ಮಾಲಕರು ಅವಸರದಲ್ಲಿ ಪ್ರೂಫ್ ನೋಡದೆ ಹೊಡೆಸಿಬಿಟ್ಟರು. ಅಧ್ಯಕ್ಷರ ಹೆಸರಿನ ಮುಂದೆ ಕಂಸದಲ್ಲಿ (ದಪ್ಪ) ಎಂದು ಅಚ್ಚಾಗಿ, ಪತ್ರಿಕೆ ಬಾದಾಮಿಯ ಮನೆಮನೆಗೂ ಮುಟ್ಟಿತ್ತು.

ನಾನು ಮರಳಿದ ದಿನವೇ ಹೆಡ್‌ಮಾಸ್ತರರು ಬಂದರು. ನಮ್ಮ ಬಾಗಿಲಲ್ಲಿ ಅವರು ಅಡ್ಡ ತಿರುಗಿ ಒಳಗೆ ಬರಬೇಕಾಯಿತು. ಮಾಲಕರಿಗೆ ಬೆವರು ಇಳಿಯಿತು. ಆ ಭಾಗದ ಸಾಲಿಗಳ ಕೆಲಸವೆಲ್ಲ ನಮಗೆ ಬರುತ್ತಿದ್ದುದು ಇವರ ಮಾತಿನ ಮೇಲೆಯೇ.

"ಸರ, ಮಾಫ್ ಮಾಡ್ರಿ," ಅಂದೆ. "ಅದು ಅಕ್ಷರಕ್ಕ ಹೇಳಿದ್ದು, ನಿಮಗಲ್ರಿ."

ಅವರು ಕೈಯೆತ್ತಿ ನನ್ನನ್ನು ತಡೆದರು. ಕುರ್ಚಿಯೊಂದನ್ನು ಅಲುಗಾಡಿಸಿ ನೋಡಿ, ನಂಬಿಕೆ ಬಾರದೆ ನಿಂತೇ ಹೇಳಿದರು:

"ದಪ್ಪ ಅಂದದ್ದಕ್ಕ ಸಿಟ್ಟಿಲ್ಲಪಾ, ಅದು ಖರೆ ಐತಿ. ಆದರ ನೀ ನನ್ನ ಇವತ್ತಽ ಮೊದಲ ಸಲ ನೋಡಾಕ ಹತ್ತೀದಿ. ಚಾಡಿ ಹೇಳಿದವ ಯಾರು, ಅಷ್ಟು ಹೇಳು."