ಜೋಳದ ಡಬ್ಬಿಗೆ ನಾನಿಟ್ಟ ಹೊಸ ಹೆಸರು

ಸಿಂದಗಿಯ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಜಾವಾ ಭಾಷೆ ಕಲಿಸುವ ಏಕಮೇವ ಪಂಡಿತ ನಾನು! ಆ ವರ್ಷ ಜಾವಾಕ್ಕೆ ಜೆನೆರಿಕ್ಸ್ ಬಂತು. ಅಂದರೆ ಯಾವ ಪಟ್ಟಿಯೊಳಗೆ ಎಂಥದ್ದಿರಬೇಕು ಅಂತ ಮೊದಲೇ ಬರೆದುಬಿಡುವುದು. ನಾನು ಠೀವಿಯಿಂದ ನಾಯಿಗಳ ಪಟ್ಟಿಯನ್ನು ಪ್ರಾಣಿಗಳ ಪಟ್ಟಿ ಅಂತ ಕೊಟ್ಟೆ. ಕಂಪ್ಯೂಟರ್ ಒಲ್ಲೆ ಅಂತು! ಹುಡುಗರು ಕಿಸಿಕಿಸಿ ನಕ್ಕರು.

"ನಾಯಿ ಪ್ರಾಣಿ ಹೌದಲ್ಲೋ? ಈ ಮಷೀನಿಗೆ ತಲಿ ಇಲ್ಲ. ನನ್ನ ಮಾತ ಖರೆ ಅಂತ ನಾಳೆ ಸಿದ್ಧ ಮಾಡಿ ತೋರಸ್ತೇನಿ," ಅಂದೆ.

ಮನೆಗೆ ಬಂದವನೇ ಅಡುಗೆಮನೆಗೆ ನುಗ್ಗಿದೆ. ದೊಡ್ಡ ಡಬ್ಬಿಯ ಮೇಲೆ ಹೆಂಡತಿ ಶಾಂತಾ ಸೀಮೆಸುಣ್ಣದಿಂದ 'ಜೋಳ' ಅಂತ ಬರೆದಿದ್ದಳು. ಇಂಡಿ ಊರಿನಲ್ಲಿ ಅವಳ ತಂಗಿಯ ಕುಬಸ, ಅಂದರೆ ಸೀಮಂತ. ನೂರು ಕಡಕ್ ರೊಟ್ಟಿ ತರ್ತೇನಿ ಅಂತ ತವರಿಗೆ ಮಾತು ಕೊಟ್ಟು, ಹಸನು ಮಾಡಿಟ್ಟ ಬಿಳಿಜೋಳ ಅದು. ನಾನು ಆ ಹೆಸರನ್ನು ಒರೆಸಿ 'ಧಾನ್ಯ' ಅಂತ ಬರೆದೆ. ಜೋಳ ಧಾನ್ಯ, ಆದ್ದರಿಂದ ಜೋಳದ ಡಬ್ಬಿ ಧಾನ್ಯದ ಡಬ್ಬಿ. ಗೆದ್ದೆ!

ನಮ್ಮಪ್ಪ ನಿವೃತ್ತ ಹೆಡ್‌ಮಾಸ್ತರ. ಬರೆದದ್ದನ್ನು ಬರೆದ ಹಾಗೇ ಪಾಲಿಸುವ ಮನುಷ್ಯ. ದೇವರ ಹಿಪ್ಪರಗಿ ಸಂತೆಯಿಂದ ಗೋಧಿ ತಂದವರು, ಕನ್ನಡಕ ಏರಿಸಿ ಡಬ್ಬಿ ಓದಿದರು. ಸುರಿದರು.

ಮರುದಿನ ಬೆಳಿಗ್ಗೆ ಡಬ್ಬಿ ನನ್ನ ಸೈಕಲ್ ಏರಿ ಗಿರಣಿಗೆ ಹೋಯಿತು. ಗಿರಣಿಯ ಮೌಲಾಸಾಬ ಮುಚ್ಚಳ ತೆಗೆದು ತಲೆ ಕೆರೆದುಕೊಂಡ.

"ಸರ, ಇದನ್ನ ಹೀಂಗ ಬೀಸ್ಲೇನ್ರಿ?"

ನಾನು ಪಾಠದ ಗುಂಗಿನಲ್ಲಿದ್ದೆ. "ನಿನ್ನ ಗಿರಣಿ ಎಲ್ಲಾ ಧಾನ್ಯ ಬೀಸ್ತೈತಿಲ್ಲೋ?"

"ಹೌದ್ರಿ."

"ಮತ್ತ? ಬೀಸು!"

ಬೀಸಿದ.

ಶಾಂತಾ ರೊಟ್ಟಿ ಬಡಿಯಲು ಕೂತಳು. ಬಡಿದಷ್ಟೂ ಹಿಟ್ಟು ರಬ್ಬರಿನಂತೆ ಹಿಂದಕ್ಕೇ ಬರುತ್ತಿತ್ತು.

"ರೀ! ಇದ್ರಾಗ ಏನ್ ಹಾಕೀರಿ?"

"ನಾ ಏನೂ ಹಾಕಿಲ್ಲ. ಹೆಸರಷ್ಟ ಬದಲಿ ಮಾಡೀನಿ."

"ಧಾನ್ಯ ಅಂತ ಬರದಿತ್ತವ್ವಾ, ಗೋದಿ ಸುರುವಿದೆ," ಅಂದರು ಅಪ್ಪ.

ಶಾಂತಾಳ ಕಣ್ಣು ತುಂಬಿತು. "ತಂಗಿ ಮುಂದ ಹ್ಯಾಂಗ ಮಾರಿ ತೋರಸ್ಲಿ?" ಅಂದವಳು ಮರುಕ್ಷಣ ಸಿಡಿದಳು. "ತಗಿಯೂದಿದ್ರ ಧಾನ್ಯದ ಡಬ್ಬಿ ಅನ್ರಿ, ಯಾರ್ ಬ್ಯಾಡಂತಾರ? ಹಾಕೂದಿದ್ರ ಅದು ಜ್ವಾಳದ ಡಬ್ಬೀನ! ಗಿರಣಿದು ಇದರ ಉಲ್ಟಾ. ಎಲ್ಲಾ ಬೀಸೂ ಗಿರಣಿಗೆ ಜ್ವಾಳ ಒಯ್ಯಾಕ ಬರ್ತೈತಿ, ಬರೇ ಜ್ವಾಳ ಬೀಸೂ ಗಿರಣಿಗೆ ಎಲ್ಲಾ ಒಯ್ಯಾಕ ಬರೂದಿಲ್ಲ. ಇಷ್ಟೂ ತಿಳಿಯಂಗಿಲ್ಲೇನು?"

ಅಯ್ಯೋ ಶಿವನೇ! ತಿಂಗಳುಗಟ್ಟಲೆ ದಪ್ಪ ಪುಸ್ತಕ ಓದಿದರೂ ತಲೆಗೆ ಹೋಗದ ಜೆನೆರಿಕ್ಸಿನ ಎರಡೂ ನಿಯಮ ಒಂದೇ ಉಸಿರಿನಲ್ಲಿ!

ಓಣಿಯ ಹೆಂಗಸರು ಮರಿಗೆಗಟ್ಟಲೆ ಜೋಳದ ಹಿಟ್ಟು ತಂದು, ನನ್ನನ್ನು ನೋಡಿ ಬಿದ್ದು ಬಿದ್ದು ನಗುತ್ತಲೇ ನೂರು ರೊಟ್ಟಿ ಬಡಿದರು. ಶಾಂತಾಳ ಮಾನ ಉಳಿಯಿತು. ನನ್ನದನ್ನು ಯಾರೂ ಕೇಳಲಿಲ್ಲ.

ಸಂಜೆ ಕ್ಲಾಸಿನಲ್ಲಿ ಹುಡುಗರು, "ಸರ, ಸಿದ್ಧ ಮಾಡಿದ್ರೇನ್ರಿ?" ಅಂದರು.

"ಮಷೀನ್ ಹೇಳಿದ್ದ ಖರೆ ಐತ್ರೋ," ಅಂದೆ. "ಅದು ಬೀಸೂಕಿಂತ ಮೊದಲ ಬೈದಿತ್ತು. ನನ್ನ ಹೇಂತಿ ಬೀಸಿದ ಮ್ಯಾಲ ಬೈದ್ಳು."

ಆ ಬೆರಕೆ ಹಿಟ್ಟು ಇನ್ನೂ ಅರ್ಧ ಡಬ್ಬಿ ಉಳಿದಿದೆ. ಅದನ್ನು ತಿನ್ನುವವರ ಪಟ್ಟಿಯನ್ನು ಶಾಂತಾ ಡಬ್ಬಿಯ ಮೇಲೆಯೇ ಬರೆದಿದ್ದಾಳೆ. ಇರುವುದು ಒಂದೇ ಹೆಸರು, ಅದನ್ನು ಒರೆಸುವ ಧೈರ್ಯ ನನಗಿಲ್ಲ!