ತಿರುವಿಗೊಂದು ಭಕ್ತಿಗೀತೆ

ಕಾರು ಇಟ್ಟುಕೊಂಡವನಿಗೆ ನೆಮ್ಮದಿ ಅನ್ನೋದು ಇಂಜಿನ್ ಆಫ್ ಮಾಡಿದ ಮೇಲೆಯೇ. ಓಡಿಸುವಾಗ ಕಿವಿ ಯಾವಾಗಲೂ ಬಾನೆಟ್ ಕಡೆಗೇ ಇರುತ್ತೆ, ಒಂದಲ್ಲ ಒಂದು ಸದ್ದು ಕೇಳಿಸುತ್ತಲೂ ಇರುತ್ತೆ. ಹಾರೋಹಳ್ಳಿಯಲ್ಲಿ ಒಂದಾದ ಮೇಲೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ನಾನೂ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡು ಒಂದು ಫ್ಯಾಕ್ಟರಿಗೆ ಬಾಡಿಗೆಗೆ ಬಿಟ್ಟಿದ್ದೆ. ಕನಕಪುರದಲ್ಲಿ ಮನೆ ಮಾಡಿದ್ದ ಮ್ಯಾನೇಜರನ್ನು ದಿನಾ ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ಪವರ್ ಸ್ಟೀರಿಂಗ್ ಇದ್ದ ಕಾರು. ನಮ್ಮ ದೊಡ್ಡಆಲಹಳ್ಳಿಯಲ್ಲಿ ಆಗ ಅದು ಹೊಸದು. ಒಂದೇ ಬೆರಳಲ್ಲಿ ತಿರುಗಿಸಿ ತೋರಿಸಿ ಮೆರೆದಿದ್ದೆ. ಯಾರ ಕಣ್ಣು ಬಿತ್ತೋ ಕಾಣೆ.

ಕುಂಯ್ಯ್

ಒಂದು ಬೆಳಿಗ್ಗೆ ಫ್ಯಾಕ್ಟರಿ ಗೇಟಿಗೆ ತಿರುಗಿಸಿದರೆ ಕಾರು ‘ಕುಂಯ್ಯ್’ ಅಂತು. ನೇರ ಹೋದರೆ ಸದ್ದಿಲ್ಲ. ಸ್ಟೀರಿಂಗ್ ತಿರುಗಿಸಿದರೆ ಮಾತ್ರ ಬಾಲ ತುಳಿಸಿಕೊಂಡ ನಾಯಿಮರಿ ಹಾಗೆ ಕೂಗುತ್ತೆ. ನಮ್ಮ ಮ್ಯಾನೇಜರೋ, ಟಿಫನ್ ಬಾಕ್ಸಿನ ಮುಚ್ಚಳ ಬಿದ್ದರೂ ಎದೆ ಹಿಡಿದುಕೊಳ್ಳುವ ಆಸಾಮಿ.

‘ಏನಪ್ಪಾ ಅದು? ಚಕ್ರ ಕಳಚಿಕೊಳ್ಳುತ್ತಾ?’

‘ಇಲ್ಲ ಸಾರ್, ಸ್ಟೀರಿಂಗು ಒಸಿ ಕೊರಗ್ತಾ ಐತೆ.’

‘ಮುಂದಿನ ತಿಂಗಳು ಬಾಂಬೆಯಿಂದ ದೊಡ್ಡ ಸಾಹೇಬರು ಬರ್ತಾರೆ. ಇದೇ ಕಾರಲ್ಲಿ ಕರ್ಕೊಂಡು ಬರಬೇಕು. ಆವತ್ತೂ ಇದು ಕೊರಗಿದ್ರೆ ನಿನ್ನ ಗಾಡಿ ಗೇಟಿನಿಂದ ಆಚೆ. ನಿನ್ನ ಹಿಂದೆ ನಾನೂ ನಡ್ಕೊಂಡು ಬರೋದೇ.’

ಆ ಕೆಲಸ ಹೋದರೆ ಕಾರನ್ನ ಮನೆ ಮುಂದೆ ನಿಲ್ಲಿಸಿ ಅದರ ಮೇಲೆ ರಾಗಿ ಒಣಗಿಸಬೇಕಿತ್ತು ಅಷ್ಟೆ.

ಸೋಪು

ಕನಕಪುರದ ಮೆಕ್ಯಾನಿಕ್ ಸ್ಟೀರಿಂಗ್ ಎಣ್ಣೆಯ ಡಬ್ಬಿ ಮುಚ್ಚಳ ತೆಗೆದು ನೋಡಿದ. ‘ಎಣ್ಣೆ ತುಂಬೈತೆ. ಇದಲ್ಲ. ಬೆಲ್ಟು ಜಾರ್ತಾ ಐತೆ’ ಅಂದವನೇ ಬಟ್ಟೆ ಸೋಪು ತಂದು ಬೆಲ್ಟಿಗೆ ಚೆನ್ನಾಗಿ ಉಜ್ಜಿದ. ಸದ್ದು ಹೋಗಲಿಲ್ಲ. ವಾಪಸ್ ಹೋದೆ, ಇನ್ನೊಂದು ಕೈ ಉಜ್ಜಿದ.

ಮಾರನೇ ದಿನ ಮ್ಯಾನೇಜರು ಮೂಗು ಅರಳಿಸಿದರು. ‘ಸೋಪಿನ ವಾಸನೆ ಬರ್ತಿದೆಯಲ್ಲ?’

‘ಸ್ನಾನ ಮಾಡ್ಕೊಂಡು ಬಂದಿವ್ನಿ ಸಾರ್.’

‘ಒಳ್ಳೇದಪ್ಪ. ಹಿಂಗೇ ದಿನಾ ಮಾಡು.’

ಕಬ್ಬಾಳು

ನಮ್ಮಪ್ಪ ‘ಇದು ಮೆಕ್ಯಾನಿಕ್ ಕೈಲಿ ಆಗೋದಲ್ಲ’ ಅಂದರು. ಕಬ್ಬಾಳಮ್ಮನ ಗುಡಿಗೆ ಕಾರು ತೆಗೆದುಕೊಂಡು ಹೋದೆವು. ಬಾನೆಟ್ ಎತ್ತಿಸಿ, ‘ನಾನು ಪೂಜೆ ಮಾಡ್ತೀನಿ, ನೀನು ನಿಂಬೆಹಣ್ಣು ಇಡೋಗು’ ಅಂತ ನನ್ನನ್ನು ಕಳಿಸಿದರು. ಪ್ರತಿ ಅಮಾವಾಸ್ಯೆಗೂ ಇಂಜಿನ್ನಿಗೆ ಕುಂಕುಮ ಇಡುವುದು ಅವರದೇ ಪಾಲು. ಆಮೇಲೆ ಚಕ್ರಕ್ಕೊಂದರಂತೆ ಇಟ್ಟ ನಿಂಬೆಹಣ್ಣಿನ ಮೇಲೆ ನೇರಕ್ಕೆ ಹತ್ತಿಸಿದೆ. ಸದ್ದೇ ಇಲ್ಲ. ಅಪ್ಪ ಗಲ್ಲ ಗಲ್ಲ ಬಡಿದುಕೊಂಡರು. ‘ನೋಡ್ದಾ? ತಾಯಿ ಪೀಡೆ ಬುಡುಸ್ಬುಟ್ಲು.’

ರಸ್ತೆಗೆ ತಿರುಗಿಸಿದೆ. ಕುಂಯ್ಯ್.

ಅಪ್ಪ ಗುಡಿ ಕಡೆ ತಿರುಗಿ ಇನ್ನೊಂದು ಸಲ ಕೈ ಮುಗಿದರು. ‘ನೇರುಕ್ಕೆ ಹೋಗೋದ್ನ ತಾಯಿ ಸರಿ ಮಾಡವ್ಳೆ ಕಣ್ಲಾ. ತಿರುಗ್ಸೋದು ನೀನಲ್ವಾ?’

ಹಾಡು

ಬೇರೆ ದಾರಿ ಕಾಣದೆ ಭಕ್ತಿಗೀತೆ ಕ್ಯಾಸೆಟ್ ಹಾಕಿದೆ. ತಿರುವು ಬಂತೋ, ಪ್ಲೇಯರಿನ ಗುಂಡಿ ತಿರುಗಿಸಿ ಹಾಡು ಜೋರು ಮಾಡೋದು. ತಿರುವು ದಾಟಿದ ಮೇಲೆ ಸಣ್ಣಗೆ ಮಾಡೋದು.

‘ತಿರುವಲ್ಲಿ ಮಾತ್ರ ಯಾಕಪ್ಪ ಜೋರು?’ ಅಂದರು ಮ್ಯಾನೇಜರು.

‘ತಿರುವಲ್ಲೇ ಅಲ್ವಾ ಸಾರ್ ದೇವ್ರು ಬೇಕಾಗೋದು?’

ಅದು ಅವರಿಗೆ ಸರಿ ಕಂಡಿತು. ಮಾರನೇ ದಿನದಿಂದ ಮುಂದಿನ ಸೀಟಿಗೇ ಬಂದು ಕೂತರು. ನಾನು ಇಂಡಿಕೇಟರ್ ಹಾಕಿದರೆ ಸಾಕು, ಅವರ ಕೈ ತಾನಾಗಿ ಗುಂಡಿಗೆ ಹೋಗುತ್ತಿತ್ತು.

ಹರಳೆಣ್ಣೆ

ಸಾಹೇಬರು ಬರೋ ದಿನ ಹತ್ತಿರ ಬಂತು. ಊಟ ಸೇರುತ್ತಿರಲಿಲ್ಲ. ಕೊನೆಗೆ ಅಪ್ಪನನ್ನೂ ಕೂರಿಸಿಕೊಂಡು ರಾಮನಗರದ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಹಾಡು ಜೋರು ಮಾಡಿದಾಗ ಅಪ್ಪ ‘ಇದ್ಯಾಕ್ಲಾ?’ ಅಂದರು. ‘ಕೊರಗೋದು ಕೇಳ್ಬಾರದು ಅಂತ ಕಣಪ್ಪ’ ಅಂದೆ.

ಆ ಮೆಕ್ಯಾನಿಕ್ಕೂ ಅದೇ ಡಬ್ಬಿ ತೆಗೆದ, ಆದರೆ ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೂಸಿದ. ‘ಪೈಪು ಲೀಕಾಗಿ ಸ್ಟೀರಿಂಗ್ ಎಣ್ಣೆ ಸೋರೋಗೈತೆ. ಅದಕ್ಕೇ ಕೂಗಿರೋದು. ಅದು ಸರಿ, ಮೇಲಿಂದ ಹರಳೆಣ್ಣೆ ಹುಯ್ದಿರೋರು ಯಾರು?’

ಅಪ್ಪ ಎದೆ ಮುಂದೆ ಮಾಡಿ ನಿಂತರು. ‘ನಾನೇ. ಅಮಾಸೆ ಅಮಾಸೆಗೂ ಪೂಜೇಲಿ ನೋಡ್ತಿದ್ದೆ, ಡಬ್ಬಿ ಒಣಗೋಗಿರ್ತಿತ್ತು. ಎತ್ತಿನ ಗಾಡಿ ಕೀಲು ಕಿರುಗುಟ್ಟಿದ್ರೆ ಹರಳೆಣ್ಣೆ ಹಾಕಕಿಲ್ವಾ? ನಾನು ಹುಯ್ದಿದ್ದಕ್ಕೇ ಇವನ ಗಾಡಿ ಇಷ್ಟು ದಿವ್ಸ ಓಡ್ತು.’

ಹಳೇ ಎಣ್ಣೆಯೆಲ್ಲ ಬಸಿದು, ಪೈಪು ಬದಲಾಯಿಸಿ, ಸರಿಯಾದ ಎಣ್ಣೆ ಹಾಕಿ, ಮುಂದಿನ ಚಕ್ರ ಎತ್ತಿ ನಿಲ್ಲಿಸಿ, ಒಳಗಿನ ಗಾಳಿ ಹೋಗುವ ತನಕ ಸ್ಟೀರಿಂಗನ್ನು ಆ ಕೊನೆಗೂ ಈ ಕೊನೆಗೂ ತಿರುಗಿಸಿದ. ಸದ್ದು ನಿಂತಿತು. ಅಪ್ಪ ಬಸಿದ ಎಣ್ಣೆ ನೋಡಿ ‘ಒಳ್ಳೇ ಗಾಣದ ಎಣ್ಣೆ, ಹಾಳ್ ಮಾಡ್ಬುಟ್ಟ’ ಅಂತ ದಾರಿಯುದ್ದಕ್ಕೂ ಗೊಣಗಿದರು.

ದೊಡ್ಡ ಸಾಹೇಬರು

ಸಾಹೇಬರು ಬಂದರು, ಹಿಂದಿನ ಸೀಟಲ್ಲಿ ಕೂತರು. ಮುಂದೆ ಮ್ಯಾನೇಜರು, ಹಣೆ ತುಂಬ ಬೆವರು. ಗಾಡಿ ಸರಿಯಾಗಿದೆ ಅಂತ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದೆ, ಅವರು ನಂಬಿರಲಿಲ್ಲ. ಮೊದಲ ತಿರುವಿಗೆ ಇಂಡಿಕೇಟರ್ ಹಾಕಿದೆ. ಅವರ ಕೈ ಅಭ್ಯಾಸದಂತೆ ಗುಂಡಿಗೆ ಹೋಯಿತು. ಭಕ್ತಿಗೀತೆ ಕಾರು ಒಡೆಯುವ ಹಾಗೆ ಮೊಳಗಿತು. ಸಾಹೇಬರು ಸೀಟಿಂದ ಒಂದು ಗೇಣು ಮೇಲೆದ್ದರು.

‘ಏನಿದು?’ ಅಂತ ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ಕಥೆ ಮುಗೀತು ಅಂದುಕೊಂಡೆ. ಮ್ಯಾನೇಜರು ಹಿಂದಕ್ಕೆ ತಿರುಗಿ, ‘ಸೇಫ್ಟಿ ಸಾರ್. ತಿರುವಲ್ಲಿ ಡ್ರೈವರು ಎಚ್ಚರವಾಗಿರಲಿ ಅಂತ ನಾನೇ ಮಾಡಿರೋ ಏರ್ಪಾಡು’ ಅಂದುಬಿಟ್ಟರು.

ಸಾಹೇಬರು ಗಲ್ಲ ಕೆರೆದುಕೊಂಡರು. ತುಂಬಾ ಮೆಚ್ಚಿದರು. ನನ್ನ ಗಾಡಿ ಉಳಿಯಿತು, ಮ್ಯಾನೇಜರೂ ಉಳಿದರು. ಹೋಗುವ ಮುಂಚೆ, ಕಂಪನಿ ಬಸ್ಸುಗಳಲ್ಲೂ ಇದೇ ನಡೆಯಲಿ ಅಂತ ಸಾಹೇಬರು ಅಪ್ಪಣೆ ಮಾಡಿದರು.

ಕೆಲಸದವರನ್ನು ಕರೆದೊಯ್ಯುವ ಬಸ್ಸು ನಮ್ಮೂರ ತಿರುವಿನಲ್ಲೇ ನಿಲ್ಲುತ್ತದೆ. ಮಾರನೇ ಬೆಳಿಗ್ಗೆ ಆ ಬಸ್ಸು ಭಕ್ತಿಗೀತೆ ಕಿರುಚಿಸುತ್ತಾ ತಿರುಗಿತು. ಜಗಲಿ ಮೇಲೆ ಕೂತಿದ್ದ ಅಪ್ಪ ಕಿವಿಗೊಟ್ಟು ಕೇಳಿದರು. ‘ಅಯ್ಯೋ ಪಾಪ, ಇದಕ್ಕೂ ಅದೇ ಕಾಯ್ಲೆ’ ಅಂದವರೇ ಒಳಗೆ ಹೋಗಿ ಹರಳೆಣ್ಣೆ ಬಾಟ್ಲಿ ಹಿಡಿದುಕೊಂಡು ಬಸ್ಸಿನ ಕಡೆ ಹೊರಟರು.